ಅಲಾರಂ ಹೊಡೆದರೂ ಕ್ಯೂ ಬಿಡದವರು

ಅಂಗಡಿಯಲ್ಲಿ ಫೈರ್ ಅಲಾರಂ ಹೊಡೆದರೆ ಏನು ಮಾಡ್ತೀರಿ ಅಂತ ಕೇಳಿದರೆ ಎಲ್ಲರೂ ಓಡ್ತೀವಿ ಅಂತಾರೆ. ನಿಜಕ್ಕೂ ಆಗುವುದೇ ಬೇರೆ. ತಲೆ ಎತ್ತಿ ಪಕ್ಕದವರ ಮುಖ ನೋಡುತ್ತೇವೆ, ಅವರು ನಮ್ಮ ಮುಖ ನೋಡುತ್ತಾರೆ, ಯಾರೂ ಗಾಬರಿಯಾದಂತೆ ಕಾಣದೆ ಇದ್ದರೆ ಮತ್ತೆ ಅಂಗಿಯ ಸೈಜ್ ಹುಡುಕುತ್ತೇವೆ. ಬಿಲ್ಲಿಂಗ್ ಕ್ಯೂನಲ್ಲಿ ನಮ್ಮ ಸರದಿ ಹತ್ತಿರ ಬಂದಿದ್ದರಂತೂ ಕೇಳಲೇಬೇಡಿ.

1979ರ ಮೇ 8ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವೂಲ್‌ವರ್ತ್ಸ್ ಅಂಗಡಿಗೆ ಬೆಂಕಿ ಬಿದ್ದು 10 ಜನ ಸತ್ತರು. ಹೊತ್ತಿಕೊಂಡದ್ದು ಮಾರಾಟಕ್ಕಿಟ್ಟ ಫೋಮಿನ ಪೀಠೋಪಕರಣ. ಅದೇ ಮಹಡಿಯಲ್ಲಿ ರೆಸ್ಟೋರೆಂಟ್ ಇತ್ತು. ದುಡ್ಡು ಕೊಟ್ಟು ತಗೊಂಡ ಊಟ ಬಿಟ್ಟು ಏಳಲು ಕೆಲವರಿಗೆ ಮನಸ್ಸು ಬರಲಿಲ್ಲ. ಆ ಫೋಮ್ ಉರಿದರೆ ಕಪ್ಪು ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡ್ ಮತ್ತು ಸಯನೈಡ್ ಅನಿಲ ಬರುತ್ತದೆ. ಕಾರ್ಬನ್ ಮಾನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಬೆಂಕಿ ಮೈಗೆ ತಾಗುವ ಮೊದಲೇ ಮನುಷ್ಯ ಕುಸಿದು ಬೀಳುತ್ತಾನೆ.

ಅಲಾರಂ ಸುಮ್ನೆ ಕೂಗುತ್ತದೆ, ಅಷ್ಟೇ. ಯೂನಿಫಾರ್ಮ್ ಹಾಕಿದ ಹುಡುಗಿಯೊಬ್ಬಳು ಜೋರಾಗಿ "ಬಿಲ್ ಬಿಡಿ, ಬುಟ್ಟಿ ಅಲ್ಲೇ ಇಡಿ, ಈ ಬಾಗಿಲಿಂದ ಹೊರಗೆ ನಡೀರಿ" ಅಂದಳು ಅನ್ನಿ, ಆಗ ಜನ ಕದಲುತ್ತಾರೆ. ಅಂಗಡಿಯಲ್ಲಿ ಜನ ನಂಬುವುದು ಯೂನಿಫಾರ್ಮ್ ಹಾಕಿದವರನ್ನೇ. ಅವಳಿಗೆ ಆ ಮಾತು ಬಾಯಿಗೆ ಬರಬೇಕಾದರೆ ಮೊದಲೇ ಒಂದೆರಡು ಸಲ ಹೇಳಿ ಅಭ್ಯಾಸ ಇರಬೇಕು. ಮ್ಯಾನೇಜರ್‌ನ ಒಪ್ಪಿಗೆಗೆ ಕಾಯುವ ಭಯವೂ ಇರಬಾರದು, ಅಲ್ವಾ? 2004ರ ಆಗಸ್ಟ್ 1ರಂದು ಪರಾಗ್ವೆಯ ಅಸುನ್ಸಿಯಾನ್‌ನ ಸೂಪರ್‌ಮಾರ್ಕೆಟ್ ಒಂದಕ್ಕೆ ಬೆಂಕಿ ಬಿದ್ದಾಗ, ಜನ ದುಡ್ಡು ಕೊಡದೆ ಹೋಗಿಬಿಟ್ಟಾರು ಅಂತ ಬಾಗಿಲು ಹಾಕಿಸಿದ್ದರು. ಸತ್ತವರು ಮುನ್ನೂರಕ್ಕೂ ಹೆಚ್ಚು.

ಆದರೆ ಸಿಬ್ಬಂದಿ ತರಬೇತಿ ಅಂದರೆ ಬಹಳ ಕಡೆ ಪಾರ್ಕಿಂಗ್ ಜಾಗದಲ್ಲಿ ತಟ್ಟೆಯೊಂದಕ್ಕೆ ಬೆಂಕಿ ಹಚ್ಚಿ, ಇಬ್ಬರ ಕೈಲಿ ಆರಿಸಿ, ಫೋಟೋ ತೆಗೆಸಿಕೊಳ್ಳುವುದು. ಉಳಿದವರು ದೂರ ನಿಂತು ನೋಡುತ್ತಾರೆ. ಬೆಂಕಿ ಆರಿಸುವ ಸಿಲಿಂಡರನ್ನು ಕೈಯಲ್ಲಿ ಹಿಡಿದವರಿಗಷ್ಟೇ ಗೊತ್ತಾಗುವ ವಿಷಯ ಒಂದಿದೆ: ಗಾಬರಿಯಲ್ಲಿ ಹಿಡಿಕೆಯನ್ನು ಅದುಮಿಕೊಂಡೇ ಪಿನ್ ಎಳೆಯಲು ಹೋದರೆ ಪಿನ್ ಸಿಕ್ಕಿಕೊಂಡು ಜಪ್ಪಯ್ಯ ಅಂದರೂ ಬರುವುದಿಲ್ಲ. ಹಿಡಿಕೆ ಸಡಿಲ ಬಿಡಿ, ಪಿನ್ ತಿರುಗಿಸಿ ಎಳೆಯಿರಿ, ಸುಲಭವಾಗಿ ಬರುತ್ತದೆ. ಗುರಿ ಜ್ವಾಲೆಗಲ್ಲ, ಉರಿಯುತ್ತಿರುವ ವಸ್ತುವಿನ ಬುಡಕ್ಕೆ. ಕೈಯಲ್ಲಿ ಎತ್ತುವ ಪೌಡರ್ ಸಿಲಿಂಡರ್ ಸಾಮಾನ್ಯವಾಗಿ ಅರ್ಧ ನಿಮಿಷವೂ ಬರುವುದಿಲ್ಲ. ಬೆಂಕಿ ಕಸದ ಬುಟ್ಟಿಯಷ್ಟಿದ್ದರೆ, ಹೊರಗೆ ಹೋಗುವ ದಾರಿ ಬೆನ್ನ ಹಿಂದಿದ್ದರೆ ಮಾತ್ರ ಕೈ ಹಾಕಿ. ಅದಕ್ಕಿಂತ ದೊಡ್ಡದಾದರೆ ಸಿಲಿಂಡರ್ ಬಿಸಾಕಿ ಜನರನ್ನು ಹೊರಗೆ ಕಳಿಸಿ.

ಅಂದಹಾಗೆ, ಒಂದು ಕಡೆ ಹೊಗೆ ಬಂದರೆ ಚಾವಣಿಯ ಸ್ಪ್ರಿಂಕ್ಲರ್‌ಗಳೆಲ್ಲ ಒಟ್ಟಿಗೆ ನೀರು ಸುರಿಸುತ್ತವೆ ಅನ್ನುವುದು ಸಿನಿಮಾ ಕಥೆ. ಕೆಂಪು ಗಾಜಿನ ಬಲ್ಬ್ ಇರುವಂಥದ್ದು ಸುಮಾರು 68 ಡಿಗ್ರಿ ಸೆಲ್ಸಿಯಸ್ ಕಾವಿಗೆ ಒಡೆಯುತ್ತದೆ, ಒಡೆದದ್ದು ಮಾತ್ರ ಸುರಿಯುತ್ತದೆ. ಗೋಡೌನ್‌ನಲ್ಲಿ ಅದರ ಮೂತಿಗೆ ತಾಗುವಷ್ಟು ರಟ್ಟಿನ ಪೆಟ್ಟಿಗೆ ಪೇರಿಸಿದರೆ ನೀರು ಹರಡಲು ಜಾಗ ಎಲ್ಲಿದೆ?

ಗಿರಾಕಿಗಳು ಬಂದ ಬಾಗಿಲಲ್ಲೇ ವಾಪಸ್ ಹೋಗಲು ನೋಡುತ್ತಾರೆ, ಬೇರೆ ಬಾಗಿಲು ಹತ್ತಿರ ಇದ್ದರೂ. ಹಿಂಬಾಗಿಲು ಗೊತ್ತಿರುವುದು ಕೆಲಸದವರಿಗೆ ಮಾತ್ರ. ಅವರಲ್ಲಿ ಎಷ್ಟು ಜನ ಅದನ್ನು ಒಮ್ಮೆಯಾದರೂ ತಳ್ಳಿ ನೋಡಿದ್ದಾರೆ? ಬೆಂಕಿ ಬಿದ್ದರೆ ಹೊರಬರುವ ಅಭ್ಯಾಸ, ಅಂದರೆ ಡ್ರಿಲ್, ಮಾಡಿಸುವುದು ಅಂಗಡಿ ತೆರೆಯುವ ಮುಂಚೆ, ಗಿರಾಕಿ ಒಬ್ಬರೂ ಇಲ್ಲದ ಹೊತ್ತಲ್ಲಿ. ಸಂಜೆ ಪಾಳಿಗೆ ನಿನ್ನೆ ಸೇರಿದ ಹುಡುಗ ಅದರಲ್ಲಿ ಇರುವುದೇ ಇಲ್ಲ. ಅವನಿಗೆ ಬಿಲ್ಲಿಂಗ್ ಮೆಷಿನ್ ತೋರಿಸುವ ಮೊದಲು ಹಿಂಬಾಗಿಲ ತನಕ ನಡೆಸಿಕೊಂಡು ಹೋಗಿ, ಅವನ ಕೈಯಲ್ಲೇ ತೆಗೆಸಿ. ಐದು ನಿಮಿಷದ ಕೆಲಸ. ಹಾಗೇ ವಾಪಸ್ ಬರುವಾಗ ಇನ್ನೊಂದು ಕೇಳಿ: ಅಲಾರಂ ಹೊಡೆದರೆ ಟ್ರಯಲ್ ರೂಮಿನ ಬಾಗಿಲು ತಟ್ಟುವವರು ಯಾರು?