ಆಟೊಪೇ: ಗಂಟು ಹಾಕಿದಲ್ಲೇ ಬಿಚ್ಚಬೇಕು

ಆ್ಯಪ್ ಡಿಲೀಟ್ ಮಾಡಿದ ಮೇಲೂ ತಿಂಗಳು ತಿಂಗಳು ದುಡ್ಡು ಕಟ್ ಆಗುತ್ತಿದೆ ಎಂದು ಬರುವವರು ಬಹಳ. ಆಗುವುದೇ ಹಾಗೆ. ಆ್ಯಪ್ ಇರುವುದು ಫೋನಿನಲ್ಲಿ. ಹಣ ಎಳೆದುಕೊಳ್ಳಲು ನೀವು ಕೊಟ್ಟ ಒಪ್ಪಿಗೆ, ಅಂದರೆ ಮ್ಯಾಂಡೇಟ್, ಇರುವುದು ಬ್ಯಾಂಕಿನಲ್ಲಿ. ಮೆಂಬರ್‌ಶಿಪ್ ಒಂದು ಗಂಟು, ಮ್ಯಾಂಡೇಟ್ ಇನ್ನೊಂದು. ಎರಡನ್ನೂ ಬಿಚ್ಚಬೇಕು.

ಮೊದಲು ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್ ತೆಗೆದು, ಹಣ ಯಾವ ದಾರಿಯಲ್ಲಿ ಹೋಗಿದೆ ನೋಡಿ. ಸಾಲಿನಲ್ಲಿ ಯುಪಿಐ ಎಂದಿದ್ದರೆ ಫೋನ್‌ಪೇ, ಗೂಗಲ್ ಪೇ, ಭೀಮ್ ಇವುಗಳಲ್ಲಿ ಯಾವುದರಿಂದ ಒಪ್ಪಿಗೆ ಕೊಟ್ಟಿದ್ದಿರೋ ಅದರ ಪ್ರೊಫೈಲ್‌ಗೆ ಹೋಗಿ ‘ಆಟೊಪೇ’ ತೆರೆಯಿರಿ. ಅಲ್ಲಿ ‘ಪಾಜ್’ (Pause) ಮತ್ತು ‘ಕ್ಯಾನ್ಸಲ್’ ಎರಡೂ ಕಂಡರೆ ಕ್ಯಾನ್ಸಲ್ಲನ್ನೇ ಒತ್ತಿ. ಪಾಜ್ ಬರೀ ತಾತ್ಕಾಲಿಕ ತಡೆ. ಪ್ಲೇ ಸ್ಟೋರ್ ಮೂಲಕ ಹೋಗಿದ್ದರೆ ಪ್ಲೇ ಸ್ಟೋರ್‌ನ ಪ್ರೊಫೈಲ್ ಚಿತ್ರ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’, ಅದರೊಳಗೆ ‘ಸಬ್‌ಸ್ಕ್ರಿಪ್ಷನ್ಸ್’. ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಮೇಲಿರುವ ನಿಮ್ಮ ಹೆಸರು ಒತ್ತಿದರೆ ‘ಸಬ್‌ಸ್ಕ್ರಿಪ್ಷನ್ಸ್’ ಸಿಗುತ್ತದೆ. ಕಾರ್ಡಿನಿಂದಾದರೆ ಕಾರ್ಡ್ ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ಇ-ಮ್ಯಾಂಡೇಟ್ ಪಟ್ಟಿ ಇರುತ್ತದೆ. ‘ಎಸಿಎಚ್’ ಅಥವಾ ‘ನ್ಯಾಚ್’ ಎಂದಿದ್ದರೆ ಅದು ಸಾಲದ ಕಂತು, ವಿಮೆ, ಎಸ್‌ಐಪಿ (ಮ್ಯೂಚುವಲ್ ಫಂಡ್‌ನ ಕಂತು) ಇಂಥದ್ದು. ಅದರ ಯುಎಂಆರ್‌ಎನ್, ಅಂದರೆ ಆ ಮ್ಯಾಂಡೇಟ್‌ನ ಗುರುತು ಸಂಖ್ಯೆ ಬರೆದುಕೊಂಡು ಶಾಖೆಗೆ ಹೋಗಿ. ಸಾಲದ ಕಂತನ್ನು ಮಾತ್ರ ಹೀಗೆ ನಿಲ್ಲಿಸಲು ಹೋಗಬೇಡಿ. ಮ್ಯಾಂಡೇಟ್ ಹೋದರೂ ಸಾಲ ಹೋಗುವುದಿಲ್ಲ.

ಹೆಚ್ಚು ಜನ ಸಿಕ್ಕಿಬೀಳುವುದು ಒಂದು ಅಥವಾ ಎರಡು ರೂಪಾಯಿಯ ‘ಟ್ರಯಲ್’ನಲ್ಲಿ. ಯುಪಿಐ ಪಿನ್ ಒತ್ತುವ ಮುಂಚಿನ ಪರದೆಯಲ್ಲಿ ಮೂರು ವಿಷಯ ಇರುತ್ತವೆ: ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿನವರೆಗೆ. ಕಣ್ಣು ಎರಡು ರೂಪಾಯಿಯ ಮೇಲಿರುತ್ತದೆ, ಪಕ್ಕದಲ್ಲಿ ‘999ರವರೆಗೆ’ ಎಂದಿರುವುದು ಕಾಣುವುದಿಲ್ಲ. ‘ಆ್ಯಸ್ ಪ್ರೆಸೆಂಟೆಡ್’ ಎಂದಿದ್ದರೆ ಇನ್ನೂ ಜೋಕೆ: ತಿಂಗಳಿಗೊಮ್ಮೆ ಎಂಬ ಕಟ್ಟೇ ಇಲ್ಲ, ಅವರು ಕೇಳಿದಾಗೆಲ್ಲ ಎಳೆಯಬಹುದು. ಟ್ರಯಲ್ ಬೇಕೇ ಬೇಕು ಎನ್ನುವವರು ಸೇರಿದ ದಿನವೇ ಕ್ಯಾನ್ಸಲ್ ಮಾಡುವುದು ಲೇಸು. ಬಹುತೇಕ ಕಡೆ ಅವಧಿ ಮುಗಿಯುವವರೆಗೆ ಸೇವೆ ನಡೆಯುತ್ತದೆ. ಆ್ಯಪಲ್‌ನಲ್ಲಿ ಟ್ರಯಲ್ ಮುಗಿಯುವ 24 ಗಂಟೆ ಮುಂಚೆಯಾದರೂ ಮಾಡಿರಬೇಕು.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹಣ ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು, ಬೇಡವೆನ್ನುವ ಅವಕಾಶವೂ ಇರಬೇಕು. ಒಂದು ಸಲಕ್ಕೆ 15,000 ರೂಪಾಯಿ ಮೀರಿದರೆ ಪ್ರತಿ ಬಾರಿಯೂ ಪಿನ್ ಅಥವಾ ಒಟಿಪಿ ಬೇಕು. ವಿಮಾ ಕಂತು, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್‌ಗೆ ಈ ಮಿತಿ 1 ಲಕ್ಷ. ಈ ಸಂದೇಶವನ್ನು ಜಾಹೀರಾತು ಎಂದುಕೊಂಡು ತಳ್ಳಿಬಿಡುವವರೇ ಹೆಚ್ಚು.

ಖಾತೆ ಖಾಲಿ ಇಟ್ಟರೆ ಸರಿಹೋಗುತ್ತದೆ ಎಂಬುದು ದುಬಾರಿ ಉಪಾಯ. ನ್ಯಾಚ್ ಬೌನ್ಸ್ ಆದರೆ ಬ್ಯಾಂಕಿನ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಯುಪಿಐ ಆಟೊಪೇ ವಿಫಲವಾದರೂ ಮತ್ತೆ ಮೂರು ಸಲ ಪ್ರಯತ್ನಿಸಬಹುದು. ನೀವು ಹಣ ಹಾಕಿದ ರಾತ್ರಿಯೇ ಎಳೆದುಕೊಂಡೀತು.

ರದ್ದಾದ ಮೇಲೂ ಕಟ್ ಆದರೆ, ರದ್ದಾದ ಪರದೆಯ ಸ್ಕ್ರೀನ್‌ಶಾಟ್ ಸಮೇತ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಅನಧಿಕೃತ ವಹಿವಾಟಿನ ರಕ್ಷಣೆ ಇಂಥ ಪಾವತಿಗೂ ಇದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಿ. ಮ್ಯಾಂಡೇಟ್ ಜೀವಂತವಿದ್ದಾಗಲೇ ಕಟ್ ಆಗಿದ್ದರೆ ಬ್ಯಾಂಕನ್ನು ದೂರಿ ಫಲವಿಲ್ಲ, ಜಗಳ ಕಂಪನಿಯೊಂದಿಗೆ. ಸೇರುವುದು ಸುಲಭ, ಬಿಡುವ ದಾರಿ ಮಾತ್ರ ಬಚ್ಚಿಟ್ಟಿದೆ ಎಂದಾದರೆ ಅದಕ್ಕೆ ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಎಂದು ಹೆಸರು. 2023ರ ನವೆಂಬರ್ 30ರ ಕೇಂದ್ರದ ಮಾರ್ಗಸೂಚಿ ನಿಷೇಧಿಸಿದ 13 ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಆ್ಯಪ್ ತಂತ್ರಗಳಲ್ಲಿ, ಅದೂ ಒಂದು. ದೂರಿಗೆ ಗ್ರಾಹಕ ಸಹಾಯವಾಣಿ 1915.

ಸ್ಮಾರ್ಟ್‌ಫೋನೇ ಇಲ್ಲದವರ ಖಾತೆಯಲ್ಲೂ ಇಂಥದ್ದು ಒಂದಿದೆ. ಮೇ ಕೊನೆಯಲ್ಲಿ 436 ಅಥವಾ 20 ರೂಪಾಯಿ ಕಟ್ ಆಗಿದ್ದರೆ ಅದು ಕೇಂದ್ರ ಸರ್ಕಾರದ ಜೀವನ್ ಜ್ಯೋತಿ ಅಥವಾ ಸುರಕ್ಷಾ ವಿಮೆ. ಮೋಸವಲ್ಲ, ಅಗ್ಗದ ಒಳ್ಳೆಯ ವಿಮೆ, ಇಟ್ಟುಕೊಳ್ಳಿ. ಆದರೆ ಎರಡು ಬ್ಯಾಂಕಿನಲ್ಲಿ ಖಾತೆಯಿದ್ದು ಎರಡೂ ಕಡೆ ಕಟ್ ಆಗುತ್ತಿದ್ದರೆ ಒಂದು ವ್ಯರ್ಥ. ಪರಿಹಾರ ಸಿಗುವುದು ಒಂದೇ 2 ಲಕ್ಷ, ಹೆಚ್ಚುವರಿ ಕಂತು ಮುಟ್ಟುಗೋಲಾಗಬಹುದು. ಬೇಡದ ಖಾತೆಯ ಶಾಖೆಗೆ ಮೇ ಮೊದಲ ವಾರದಲ್ಲೇ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.