ಬಂಪ್ ಸ್ಟೀರ್: ಹಿಂದಿನ ಚಕ್ರ ತಾನೇ ತಿರುಗಿಕೊಂಡಾಗ

ಸ್ಟೀರಿಂಗ್ ಅಲ್ಲಾಡಿಸದೆ ಇದ್ದರೂ, ರಸ್ತೆಯ ಉಬ್ಬುತಗ್ಗಿಗೆ ಮೇಲೆ ಕೆಳಗೆ ಆಡುವಾಗ ಚಕ್ರ ತಾನಾಗಿಯೇ ಎಡಕ್ಕೋ ಬಲಕ್ಕೋ ತಿರುಗಿಕೊಳ್ಳುತ್ತದೆ. ಇದಕ್ಕೆ ಬಂಪ್ ಸ್ಟೀರ್ ಅನ್ನುತ್ತಾರೆ. ಮುಂದಿನ ಚಕ್ರದಲ್ಲಿ ಹೀಗಾದರೆ ಕೈಗೆ ಗೊತ್ತಾಗುತ್ತದೆ, ಸ್ಟೀರಿಂಗ್ ಎಳೆದಂತಾಗುತ್ತದೆ. ಹಿಂದಿನ ಚಕ್ರದಲ್ಲಿ ಆದರೆ ಕೈಗೆ ಏನೂ ತಿಳಿಯುವುದಿಲ್ಲ. ಕಾರು ಮಾತ್ರ ಬೇರೆ ಕಡೆ ಮುಖ ಮಾಡಿರುತ್ತದೆ.

ನಮ್ಮ ಕಾರವಾರ, ಅಂಕೋಲಾ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ದೋಣಿಗೆ ಚುಕ್ಕಾಣಿ ಇರುವುದು ಹಿಂದೆ ಅಲ್ವಾ? ಅದನ್ನು ಒಂದು ಚೂರು ತಿರುಗಿಸಿದರೂ ಇಡೀ ದೋಣಿ ತಿರುಗುತ್ತದೆ. ಕಾರಿನ ಹಿಂದಿನ ಚಕ್ರವೂ ಹಾಗೇ. ಅರ್ಧ ಡಿಗ್ರಿ ತಿರುಗಿದರೆ ಸಾಕು.

ಇದರ ಜೊತೆ ಇನ್ನೊಂದು ಪದ ಬೇಕು, ಟೋ. ಅಂದರೆ ಕಾಲ್ಬೆರಳು. ನಾವು ನಿಂತಾಗ ಪಾದದ ತುದಿ ಒಳಗೆ ತಿರುಗಿದ್ದರೆ ಟೋ-ಇನ್, ಹೊರಗೆ ತಿರುಗಿದ್ದರೆ ಟೋ-ಔಟ್. ಚಕ್ರಕ್ಕೂ ಇದೇ ಲೆಕ್ಕ. ಹಿಂದಿನ ಚಕ್ರಕ್ಕೆ ಸ್ವಲ್ಪ ಟೋ-ಇನ್ ಇದ್ದರೆ ಕಾರು ನೆಟ್ಟಗೆ ಓಡುತ್ತದೆ. ತಿರುವಿನಲ್ಲಿ ಭಾರವೆಲ್ಲ ಹೊರಬದಿಯ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರವೇ ಟೋ-ಔಟ್ ಆಗಿ ಹೊರಗೆ ಮುಖ ಮಾಡಿದರೆ ಕಾರಿನ ಹಿಂಭಾಗವನ್ನು ಹೊರಗೆ ಎಳೆದುಕೊಂಡು ಹೋಗುತ್ತದೆ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ನನ್ನ ಗೆಳೆಯನೊಬ್ಬ ಕೊಟ್ಟಿಗೆಯಲ್ಲೇ ಒಂದು ಪುಟ್ಟ ಸ್ಪೋರ್ಟ್ಸ್ ಕಾರು ಕಟ್ಟಿದ್ದಾನೆ. ಮಾರುತಿ 800ರ 796 ಸಿಸಿ ಎಂಜಿನ್ನು, ಗೇರ್‌ಬಾಕ್ಸು, ಮುಂದಿನ ಸಸ್ಪೆನ್ಷನ್ನು ಎಲ್ಲ ಒಟ್ಟಿಗೆ ಎತ್ತಿ ತನ್ನ ಕಾರಿನ ಹಿಂಭಾಗಕ್ಕೆ ಕೂರಿಸಿದ್ದಾನೆ. ಇಂಥ ಗಾಡಿ ರಿಜಿಸ್ಟರ್ ಆಗುವುದಿಲ್ಲ, ಹಾಗಾಗಿ ದೇವಿಮನೆ ಘಟ್ಟದ ರಸ್ತೆಯ ಆಸೆ ಬಿಟ್ಟು ತನ್ನದೇ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಓಡಿಸುತ್ತಾನೆ. ಒಂದು ದಿನ ಫೋನ್ ಮಾಡಿ, "ತಿರುವಿನಲ್ಲಿ ಉಬ್ಬು ಸಿಕ್ಕರೆ ಹಿಂದಿಂದ ಯಾರೋ ದೂಡಿದ ಹಾಗೆ ಆಗ್ತದೆ ಮಾರಾಯ, ಹೊಸ ಶಾಕ್ ಅಬ್ಸಾರ್ಬರ್ ತರ್ಲಾ?" ಅಂದ. ಎಂತದೂ ತರಬೇಡ, ಮೊದಲು ಅಳೆಯೋಣ ಅಂದೆ.

ಮುಂದಿನ ಸಸ್ಪೆನ್ಷನ್ನನ್ನು ಹಿಂದೆ ಕೂರಿಸುವುದು ಹೊಸದೇನಲ್ಲ. ಅಮೆರಿಕದ ಪಾಂಟಿಯಾಕ್ ಫಿಯೆರೊ ಕಾರು 1984ರ ಮಾಡೆಲ್ ಆಗಿ ಬಂದಾಗ ಅದರ ಹಿಂಭಾಗದಲ್ಲಿದ್ದದ್ದು ಷೆವರ್ಲೆ ಸೈಟೇಶನ್ ಕಾರಿನ ಮುಂದಿನ ಸಸ್ಪೆನ್ಷನ್ನೇ. ಹಿಂದಿನ ಬಂಪ್ ಸ್ಟೀರ್‌ಗೆ ಆ ಕಾರು ಹೆಸರಾಯಿತು. 1988ರ ಮಾಡೆಲ್‌ಗೆ ಸಸ್ಪೆನ್ಷನ್ ಹೊಸದಾಗಿ ಮಾಡಿದರು. ದೊಡ್ಡ ಕಂಪನಿಗೇ ಆದ ಪಾಡು ಕೊಟ್ಟಿಗೆಯಲ್ಲಿ ಕಟ್ಟಿದ ಕಾರಿಗೆ ಆಗದೇ ಇರುತ್ತದೆಯೇ? ಚಕ್ರವನ್ನು ತಿರುಗಿಸುವ ಸರಳು, ಅಂದರೆ ಸ್ಟೀರಿಂಗಿಗೆ ಸೇರಬೇಕಿದ್ದ ಟೈ ರಾಡನ್ನು, ಹಿಂದೆ ಎಲ್ಲಿಗೋ ಒಂದು ಕಡೆ ಕಟ್ಟಲೇಬೇಕು. ಆ 'ಎಲ್ಲಿಗೋ' ಎಂಬಲ್ಲೇ ಎಡವಟ್ಟು.

ಚಕ್ರ ಮೇಲೇರುವಾಗ, ಅದನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋವರ್ ಆರ್ಮ್ ಒಂದು ಕಮಾನಿನಲ್ಲಿ ಆಡುತ್ತದೆ, ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದಿದರೆ ಚಕ್ರ ನೇರವಾಗಿ ಏರುತ್ತದೆ. ಅವನ ಕಾರಿನಲ್ಲಿ ಆರ್ಮ್ 300 ಮಿ.ಮೀ. ಇತ್ತು. ಸೈಲೆನ್ಸರ್ ಪೈಪ್ ಅಡ್ಡ ಬಂತು ಅಂತ ಟೈ ರಾಡನ್ನು 200ಕ್ಕೆ ಕತ್ತರಿಸಿದ್ದ. ಗಿಡ್ಡ ರಾಡು ಚಿಕ್ಕ ಕಮಾನಿನಲ್ಲಿ ತಿರುಗುತ್ತದೆ, ಹಾಗಾಗಿ ಬೇಗ ಒಳಗೆ ಎಳೆಯುತ್ತದೆ. ಅದು ಆಕ್ಸಲ್‌ನ ಹಿಂದೆ ಇದ್ದದ್ದರಿಂದ ಚಕ್ರದ ಹಿಂಬದಿ ಒಳಗೆ, ಮುಂಬದಿ ಹೊರಗೆ. ಅಂದರೆ ಟೋ-ಔಟ್. ಚಕ್ರ ಏರಿದರೂ ಅದೇ, ಇಳಿದರೂ ಅದೇ.

ಅಳೆಯಲು ಯಂತ್ರವೇನೂ ಬೇಡ. ಮೊದಲು ಚಕ್ರವನ್ನು ಜಾಕ್ ಮೇಲೆ ಎತ್ತಿ, ಎರಡು ಪಕ್ಕ ಹಿಡಿದು ಜಗ್ಗಿ ನೋಡಿದೆವು. ಕೀಲಿನಂತಿರುವ ಬಾಲ್ ಜಾಯಿಂಟು, ರಬ್ಬರಿನ ಬುಷ್ ಎಲ್ಲ ಗಟ್ಟಿ. ಟೈರಿನ ಗಾಳಿಯೂ ಸರಿ ಇತ್ತು. (ಈ ಎರಡನ್ನು ಬಿಟ್ಟು ಮುಂದೆ ಹೋಗಲೇಬಾರದು. ಕಾರವಾರದ ಉಪ್ಪುಗಾಳಿಯಲ್ಲಿ ನಿಂತ ಗಾಡಿಗಳ ಹಾಳಾದ ಬುಷ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.) ಆಮೇಲೆ ಕಾರನ್ನು ಓಡುವಾಗ ಇರುವಷ್ಟೇ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಬಿಚ್ಚಿ ಶಾಕ್ ಅಬ್ಸಾರ್ಬರ್ ಮಾತ್ರ ವಾಪಸ್ ಕೂರಿಸಿದೆವು. ನಾನು ಒಯ್ದಿದ್ದ ಮೀನು ಹಿಡಿಯುವ ನೈಲಾನ್ ದಾರವನ್ನು ಕಾರಿನ ಎರಡೂ ಪಕ್ಕ, ಚಕ್ರದ ನಡುವಿನ ಹಬ್‌ನ ಎತ್ತರಕ್ಕೆ, ಕಾರಿನ ನಡುಗೆರೆಗೆ ಸಮಾನಾಂತರವಾಗಿ ಬಿಗಿದೆವು. ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು? ಎರಡರ ವ್ಯತ್ಯಾಸವೇ ಟೋ.

ಚಕ್ರ ಮಾಮೂಲಿ ಎತ್ತರದಲ್ಲಿದ್ದಾಗ 1 ಮಿ.ಮೀ. ಟೋ-ಇನ್. ಚೆನ್ನಾಗೇ ಇದೆ. ವೀಲ್ ಅಲೈನ್‌ಮೆಂಟ್ ಮಾಡುವ ಅಂಗಡಿಗೆ ಒಯ್ದಿದ್ದರೂ ಇಷ್ಟೇ ಹೇಳುತ್ತಿದ್ದರು. ಹಬ್ ಕೆಳಗೆ ಜಾಕ್ ಕೊಟ್ಟು 10 ಮಿ.ಮೀ. ಎತ್ತುವುದು, ಅಳೆಯುವುದು, ಮತ್ತೆ 10. ಹಾಗೆ 40 ಮಿ.ಮೀ. ಏರಿಸುವಷ್ಟರಲ್ಲಿ ಹೆಚ್ಚುಕಡಿಮೆ 3 ಮಿ.ಮೀ. ಟೋ-ಔಟ್ ಆಗಿತ್ತು. 12 ಇಂಚಿನ ರಿಮ್ಮಿಗೆ ಅದು ಅರ್ಧ ಡಿಗ್ರಿಗಿಂತ ಜಾಸ್ತಿ. ಗೆಳೆಯ ಸ್ಕೇಲ್ ಹಿಡಿದು ಎರಡೆರಡು ಸಲ ನೋಡಿದ.

ಇಲ್ಲೊಂದು ಗೊಂದಲ ಬಿಡಿಸಬೇಕು. ಹಿಂಭಾಗ ಜಾರಿದ್ದಕ್ಕೆಲ್ಲ ಜನ ಓವರ್‌ಸ್ಟೀರ್ ಅಂದುಬಿಡುತ್ತಾರೆ. ಓವರ್‌ಸ್ಟೀರ್ ಅನ್ನುವುದು ಜ್ವರ ಇದ್ದ ಹಾಗೆ. ಬಂಪ್ ಸ್ಟೀರ್ ಅದರ ಕಾರಣಗಳಲ್ಲಿ ಒಂದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹಿಂಭಾಗ ಜಾರಿದರೆ ಟೈರಿನ ಹಿಡಿತ, ಸ್ಪ್ರಿಂಗಿನ ಗಡಸುತನದ ಕಡೆ ನೋಡಬೇಕು. ಉಬ್ಬಿನ ಮೇಲೆ, ತಿರುವಿಗೆ ಇಳಿಯುವ ಗಳಿಗೆಯಲ್ಲಿ, ಅಥವಾ ಕಾಲು ತೆಗೆದ ಕೂಡಲೇ ಜಾರಿದರೆ ನನಗೆ ಮೊದಲ ಅನುಮಾನ ಟೋ ಮೇಲೆ. ಕಾಲು ತೆಗೆದರೆ ಭಾರ ಮುಂದಕ್ಕೆ ಹೋಗುತ್ತದೆ, ಹಿಂಭಾಗ ಎದ್ದುಕೊಳ್ಳುತ್ತದೆ, ಚಕ್ರದ ಜಾಗ ಬದಲಾಗುತ್ತದೆ. ಪೋರ್ಷೆಯವರು 1977ರಲ್ಲಿ 928 ಕಾರಿಗೆ ವೈಸಾಖ್ ಆಕ್ಸಲ್ ಎಂಬ ಹಿಂದಿನ ಸಸ್ಪೆನ್ಷನ್ ಮಾಡಿದ್ದೇ ಆ ಗಳಿಗೆಗಾಗಿ. ಕಾಲು ತೆಗೆದಾಗ, ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಟೋ-ಇನ್ ಕಡೆಗೇ ತಿರುಗಲಿ ಎಂದು.

ಗೆಳೆಯ ಸೈಲೆನ್ಸರ್ ಪೈಪನ್ನು ಸುತ್ತುಬಳಸಿ ಒಯ್ದು, ಟೈ ರಾಡಿನ ಬ್ರಾಕೆಟ್ ಕಿತ್ತು 100 ಮಿ.ಮೀ. ಒಳಗೆ ವೆಲ್ಡ್ ಮಾಡಿದ. ಉದ್ದದ ರಾಡು ಹಾಕಿದ. ರಾಡಿನ ತುದಿಯ ಎತ್ತರ ಸ್ವಲ್ಪ ಹೆಚ್ಚುಕಡಿಮೆಯಾಗಿ, ಚಕ್ರ ಏರಿದಾಗ ಒಂದು ಕಡೆ, ಇಳಿದಾಗ ಇನ್ನೊಂದು ಕಡೆ ತಿರುಗುತ್ತಿತ್ತು. ಅದನ್ನು ವಾಷರ್ ಕೊಟ್ಟು ಸರಿ ಮಾಡಿದೆವು. ಈಗ 40 ಮಿ.ಮೀ. ಏರಿದರೂ ವ್ಯತ್ಯಾಸ ಅರ್ಧ ಮಿ.ಮೀ. ಒಳಗೇ ಇದೆ. ಶಾಕ್ ಅಬ್ಸಾರ್ಬರ್ ಹಳೆಯದೇ.