ಆರು ಗಂಟೆ ಬೋರಲು ಮಲಗಿಸಿದರೆ ಉಸಿರು ಕಟ್ಟುವುದಿಲ್ಲವೇ?

ಪ್ರಶ್ನೆ: ನನ್ನ 14 ವರ್ಷದ ಮಗಳಿಗೆ ಸ್ಕೋಲಿಯೋಸಿಸ್. ಬೆನ್ನು ತುಂಬಾ ಸೊಟ್ಟಗಾಗಿದೆ, ಆಪರೇಷನ್ ಆಗಲೇಬೇಕು ಎಂದಿದ್ದಾರೆ. ಐದಾರು ಗಂಟೆ ಬೋರಲು ಮಲಗಿಸುತ್ತಾರಂತೆ. ಉಸಿರು ಕಟ್ಟುವುದಿಲ್ಲವೇ?

ಉತ್ತರ: ಆ ಭಯ ಬೇಡ. ಅಂಗಾತ ಮಲಗಿರುವಾಗಲೇ ಅರಿವಳಿಕೆ ಕೊಟ್ಟು, ಗಂಟಲಿಗೆ ನಳಿಕೆ ಹಾಕಿ, ಅದು ಜಾರದಂತೆ ಅಂಟಿಸಿ, ಆಮೇಲಷ್ಟೇ ಮಗುಚುತ್ತಾರೆ. ಉಸಿರಾಡಿಸುವ ಕೆಲಸ ಯಂತ್ರದ್ದು. ಕೋವಿಡ್ ಕಾಲದಲ್ಲಿ ಆಕ್ಸಿಜನ್ ಕಡಿಮೆಯಾದವರನ್ನು ಬೋರಲು ಮಲಗಿಸುತ್ತಿದ್ದದ್ದು ನೆನಪಿದೆ ಅಲ್ವಾ? ಸರಿಯಾಗಿ ಮಲಗಿಸಿದರೆ ಶ್ವಾಸಕೋಶಕ್ಕೆ ಅದರಿಂದ ಅನುಕೂಲವೇ.

ಆ 'ಸರಿಯಾಗಿ' ಅನ್ನುವುದರಲ್ಲೇ ಕಷ್ಟ ಇರುವುದು. ನಾವು ಮನೆಯಲ್ಲಿ ಮಲಗುವಂತೆ ಹೊಟ್ಟೆ ಹಾಸಿಗೆಗೆ ಒತ್ತಿರಬಾರದು. ಎದೆಯ ಎರಡು ಕಡೆ, ಸೊಂಟದ ಎರಡು ಕಡೆ ಮೆತ್ತೆ ಇಟ್ಟು, ನಡುವೆ ಹೊಟ್ಟೆ ಜೋತುಬಿದ್ದಿರಬೇಕು. ಉಸಿರಿಗೆ ಇದು ಹಗುರ. ಆದರೆ ಇನ್ನೂ ದೊಡ್ಡ ಕಾರಣ ರಕ್ತಸ್ರಾವ. ಹೊಟ್ಟೆ ಒತ್ತಿದರೆ ಒಳಗಿನ ದೊಡ್ಡ ಅಭಿಧಮನಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಅಮುಕಿಕೊಳ್ಳುತ್ತದೆ. ರಕ್ತ ಬೇರೆ ದಾರಿ ಹುಡುಕಿ ಬೆನ್ನುಮೂಳೆಯ ಸುತ್ತಲಿನ ಅಭಿಧಮನಿಗಳಿಗೆ ನುಗ್ಗುತ್ತದೆ. ಅವುಗಳಲ್ಲಿ ತಡೆಯುವ ಕವಾಟಗಳಿಲ್ಲ. ಡಾಕ್ಟರು ಕತ್ತರಿಸುತ್ತಿರುವ ಜಾಗವೂ ಅದೇ! ಟೊರಾಂಟೊದ ರೆಲ್ಟನ್ ಮತ್ತು ಹಾಲ್ 1967ರಲ್ಲಿ ನಾಲ್ಕು ಮೆತ್ತೆಗಳ ಚೌಕಟ್ಟು ಪ್ರಕಟಿಸಿದ್ದು ಈ ರಕ್ತಸ್ರಾವ ತಗ್ಗಿಸಲೆಂದೇ. ಇಂದಿನ ಟೇಬಲ್‌ಗಳು ಬೇರೆ ಇರಬಹುದು, ಉಪಾಯ ಅದೇ.

ಬೆನ್ನು ಜಾಸ್ತಿ ತಿರುಚಿದ್ದರೆ ಎದೆಗೂಡು ಒಂದು ಪಕ್ಕ ಉಬ್ಬಿ, ಸೊಂಟವೂ ಓರೆಯಾಗಿರಬಹುದು. ಆಗ ಮೆತ್ತೆಗಳನ್ನು ಸಮಸಮ ಇಟ್ಟರೆ ಒಂದು ಕಡೆ ಭಾರ ಬಿದ್ದು ಚರ್ಮ ಕೆಡುತ್ತದೆ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ರೀತಿ ಹೊಂದಿಸುತ್ತಾರೆ. ತೊಡೆಗಳನ್ನು ಮಾತ್ರ ಮಡಚದೆ ಹೆಚ್ಚುಕಡಿಮೆ ನೇರವಾಗಿಡುತ್ತಾರೆ. ಮಡಚಿದರೆ ಸೊಂಟದ ಸಹಜ ಬಾಗು ಚಪ್ಪಟೆಯಾಗುತ್ತದೆ. ಬೆನ್ನು ನೇರವಾಗಿಸಲು ಹಾಕುವ ಲೋಹದ ರಾಡನ್ನು ಹಾಗೇ ಬಿಗಿದರೆ ಮುಂದೆ ನಿಂತಾಗ ಮೈ ಮುಂದಕ್ಕೆ ವಾಲುತ್ತದೆ.

ನಮಗೆ ನಿದ್ದೆಯಲ್ಲಿ ಕೈ ಜೋಮು ಹಿಡಿದರೆ ಮಗ್ಗುಲು ಬದಲಿಸುತ್ತೇವೆ. ಅರಿವಳಿಕೆಯಲ್ಲಿ ಇರುವವರಿಗೆ ಅದಾಗದು. ಅದಕ್ಕೇ ತೋಳುಗಳನ್ನು ಭುಜದಿಂದ 90 ಡಿಗ್ರಿ ಮೀರಿ ಎತ್ತುವುದಿಲ್ಲ, ಮೊಣಕೈ ಕೆಳಗೆ ಮೆತ್ತೆ ಇಡುತ್ತಾರೆ. ಬೆನ್ನುಹುರಿಯ ಮೇಲೆ ಕಣ್ಣಿಡಲು ಹಾಕುವ ನರಗಳ ಮಾನಿಟರ್‌ನಲ್ಲಿ ಕೈಯ ಸಿಗ್ನಲ್ ಮಂಕಾದರೆ, ಮೊದಲು ನೋಡುವುದು ತೋಳು ಇಟ್ಟ ಭಂಗಿಯನ್ನೇ. ಕಣ್ಣಿನ ಮೇಲಂತೂ ಒತ್ತಡ ಬೀಳಲೇಬಾರದು. ಈ ಭಂಗಿಯಲ್ಲಿ ದೃಷ್ಟಿ ಹೋಗುವುದು ತೀರಾ ಅಪರೂಪ, ಆದರೆ ಹೋದರೆ ಮರಳುವುದು ಕಷ್ಟ. ತಲೆ ಎದೆಯ ಮಟ್ಟಕ್ಕಿಂತ ಕೆಳಗಿಳಿಯದಂತೆ ಇಟ್ಟು, ಆಗಾಗ ಕಣ್ಣು, ಮೂಗು, ಗಲ್ಲ ಪರೀಕ್ಷಿಸುತ್ತಾರೆ.

ಹೊರಗೆ ಬಂದಾಗ ಮಗಳ ಮುಖ ಊದಿದ್ದರೆ ಗಾಬರಿಯಾಗಬೇಡಿ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ತೊಡೆಯ ಹೊರಬದಿ ಮರಗಟ್ಟಿದಂತೆ ಇದ್ದರೆ ಅದು ಸೊಂಟದ ಮೆತ್ತೆ ಒತ್ತಿದ ಗುರುತು. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಸರಿಹೋಗುತ್ತದೆ. ಆದರೆ ಕಣ್ಣು ಮಂಜು ಎಂದರೆ, ಕೈಕಾಲಿನ ಬಲ ಕಡಿಮೆ ಎನಿಸಿದರೆ ತಕ್ಷಣ ಹೇಳಿ.

ಆಪರೇಷನ್‌ಗೆ ಮುಂಚೆ ಭುಜ ಎತ್ತಲು ನೋವು, ಕೈ ಜೋಮು, ಅಲ್ಲಾಡುವ ಹಲ್ಲು, ಏನಿದ್ದರೂ ಅರಿವಳಿಕೆ ಡಾಕ್ಟರಿಗೆ ತಿಳಿಸಿ. ಮೂಗುಬೊಟ್ಟು, ಓಲೆ ಮನೆಯಲ್ಲೇ ಬಿಚ್ಚಿಡಿ. ಗಂಟೆಗಟ್ಟಲೆ ಮುಖ ಮೆತ್ತೆಗೆ ಒರಗಿರುವಾಗ ಚಿಕ್ಕ ಹರಳೂ ಚುಚ್ಚುತ್ತದೆ.